ಮುತ್ತಿಗೆಯ ಕಾಲ: ಮಧ್ಯಯುಗದ ಯೂರೋಪಿನ ಕೋಟೆ, ನೈಟ್ ಮತ್ತು ಯುದ್ಧ

ಇಂಗ್ಲೆಂಡಿನ ದೊರೆ ಎರಡನೇ ಹೆನ್ರಿ 1154ರಿಂದ 1189ರವರೆಗೆ ಆಳಿದ. ಆ ಮೂವತ್ತೈದು ವರ್ಷಗಳಲ್ಲಿ ತಮ್ಮನ ಮೇಲೆ, ಫ್ರಾನ್ಸಿನ ದೊರೆಯ ಮೇಲೆ, ಕೊನೆಗೆ ಸ್ವಂತ ಮಕ್ಕಳ ಮೇಲೂ ದಂಡೆತ್ತಿ ಹೋದ. ಆದರೆ ಎರಡು ಸೇನೆಗಳು ಬಯಲಿನಲ್ಲಿ ಎದುರುಬದುರು ನಿಂತು ಹೊಡೆದಾಡುವ ದೊಡ್ಡ ಕಾಳಗವನ್ನು ಒಂದು ಸಲವೂ ನಡೆಸಲಿಲ್ಲ. ಅವನ ವೈರಿ, ಫ್ರಾನ್ಸಿನ ಫಿಲಿಪ್ ಆಗಸ್ಟಸ್ 43 ವರ್ಷ ಆಳಿದರೂ ಅಂಥ ದೊಡ್ಡ ಕಾಳಗಕ್ಕೆ ಇಳಿದದ್ದು 1214ರಲ್ಲಿ, ಬೂವೀನ್ ಎಂಬಲ್ಲಿ, ಒಂದೇ ಬಾರಿ. ಇಬ್ಬರೂ ಹೇಡಿಗಳೇನಲ್ಲ. ಒಂದು ಹಗಲಿನ ಕಾಳಗದಲ್ಲಿ ಇಡೀ ರಾಜ್ಯವೇ ಕೈತಪ್ಪಿ ಹೋಗಬಹುದೆಂದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. 1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್‌ನಲ್ಲಿ ಇಂಗ್ಲೆಂಡಿನ ದೊರೆ ಹೆರಾಲ್ಡ್‌ಗೆ ಆದದ್ದೇ ಅದು.

ಹನ್ನೊಂದನೇ ಶತಮಾನದಿಂದ ಹದಿನೈದನೆಯದರವರೆಗೆ ಪಶ್ಚಿಮ ಯೂರೋಪಿನಲ್ಲಿ ಯುದ್ಧವೆಂದರೆ ಬಹುಮಟ್ಟಿಗೆ ಕೋಟೆ ಹಿಡಿಯುವ, ಹಿಡಿದದ್ದನ್ನು ಉಳಿಸಿಕೊಳ್ಳುವ ಕೆಲಸ. ಅದರಲ್ಲಿ ಕತ್ತಿಗಿಂತ ಗುದ್ದಲಿ, ದವಸ, ದುಡ್ಡುಗಳ ಪಾಲು ಹೆಚ್ಚು. ಕವಚ ತೊಟ್ಟ ನೈಟ್ ಈ ಕಥೆಯಲ್ಲಿ ಇದ್ದೇ ಇದ್ದಾನೆ. ಆದರೆ ಸಿನಿಮಾಗಳು ಅವನನ್ನು ನಿಲ್ಲಿಸಿದ ಜಾಗ ಬೇರೆ, ಅವನು ದಿನವೂ ಬೆವರು ಸುರಿಸಿದ ಜಾಗ ಬೇರೆ.

ದಿಬ್ಬ, ಬೇಲಿ, ಆಮೇಲೆ ಕಲ್ಲು

ಗೋಡೆ ಕಟ್ಟಿ ಊರು ಕಾಯುವುದು ಯೂರೋಪಿಗೆ ಹೊಸದಾಗಿರಲಿಲ್ಲ. ರೋಮನ್ನರು ಪಟ್ಟಣಗಳ ಸುತ್ತಲೂ ಸೇನೆಯ ಪಾಳೆಯಗಳ ಸುತ್ತಲೂ ಗೋಡೆ ಎಬ್ಬಿಸಿದ್ದರು. ಹೊಸದೆಂದರೆ, ಒಬ್ಬ ಒಡೆಯ ತನ್ನ ಮನೆಮಂದಿ, ಆಳುಕಾಳುಗಳ ಜೊತೆ ವಾಸವಿರುವ ಸ್ವಂತದ ಕೋಟೆ. ಒಂಬತ್ತನೇ ಶತಮಾನದಲ್ಲಿ ಶಾರ್ಲಮೇನ್ ಕಟ್ಟಿದ ಸಾಮ್ರಾಜ್ಯ ಮೊಮ್ಮಕ್ಕಳ ಜಗಳದಲ್ಲಿ ಹರಿದು ಹಂಚಿಹೋಯಿತು. ನದಿಗಳ ಗುಂಟ ವೈಕಿಂಗರ ದೋಣಿಗಳು ಒಳನಾಡಿಗೆ ನುಗ್ಗತೊಡಗಿದವು. ದೊರೆ ದೂರದಲ್ಲಿದ್ದ, ಕೊಳ್ಳೆಗಾರರು ಬಾಗಿಲಿಗೇ ಬಂದಿದ್ದರು. ಹಾಗಾಗಿ ಆಯಾ ಸೀಮೆಯ ಬಲಿಷ್ಠರು ತಾವೇ ಕೋಟೆ ಕಟ್ಟಿಕೊಂಡರು. ಫ್ರಾನ್ಸಿನ ದೊರೆ ಬೋಳುತಲೆ ಚಾರ್ಲ್ಸ್ 864ರಲ್ಲಿ ಪೀತ್ರ್ ಎಂಬಲ್ಲಿ ಒಂದು ಶಾಸನ ಹೊರಡಿಸಿ, ತನ್ನ ಅಪ್ಪಣೆಯಿಲ್ಲದೆ ಎದ್ದ ಕೋಟೆಗಳನ್ನೆಲ್ಲ ಕೆಡವಬೇಕೆಂದ. ಯಾರೂ ಹೆಚ್ಚು ಕಿವಿಗೊಟ್ಟಂತಿಲ್ಲ. ಮುಂದಿನ ಇನ್ನೂರು ವರ್ಷ ಕೋಟೆಗಳು ಅಣಬೆಯಂತೆ ಎದ್ದವು.

ಮೊದಮೊದಲು ಕಟ್ಟಿದವು ಹೆಚ್ಚಾಗಿ ಮಣ್ಣು, ಮರದವು. ಆಳವಾದ ಕಂದಕ ತೋಡಿ, ಆ ಮಣ್ಣನ್ನೇ ಒಂದೆಡೆ ಗುಡ್ಡೆ ಹಾಕಿ, ಗುಡ್ಡೆಯ ನೆತ್ತಿಯ ಮೇಲೆ ಮರದ ಗೋಪುರ ನಿಲ್ಲಿಸುತ್ತಿದ್ದರು. ಕೆಳಗೆ ಮರದ ಕಂಬಗಳ ಗಟ್ಟಿ ಬೇಲಿಯಿಂದ ಸುತ್ತುವರಿದ ಅಂಗಳ. ಅದರೊಳಗೆ ಲಾಯ, ಕಮ್ಮಾರಸಾಲೆ, ಅಡುಗೆಮನೆ, ಆಳುಗಳ ಗುಡಿಸಲು. ಇದಕ್ಕೆ ಶಿಲ್ಪಿಗಳು ಬೇಕಿರಲಿಲ್ಲ, ಬಿಟ್ಟಿ ಹಿಡಿದು ತಂದ ಹಳ್ಳಿಗರು ಸಾಕಿತ್ತು. ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದು ದಕ್ಕಿಸಿಕೊಂಡದ್ದು ಇಂಥ ಕೋಟೆಗಳಿಂದಲೇ. ಆ ದಂಡಯಾತ್ರೆಯನ್ನು ಚಿತ್ರಿಸುವ, ಸುಮಾರು 70 ಮೀಟರ್ ಉದ್ದದ ಬೇಯೂ ಕಸೂತಿ ಬಟ್ಟೆಯಲ್ಲಿ ಹೇಸ್ಟಿಂಗ್ಸ್‌ನ ದಿಬ್ಬ ಏಳುತ್ತಿರುವುದನ್ನು ಇಂದಿಗೂ ನೋಡಬಹುದು. ಸಲಿಕೆ ಹಿಡಿದ ಇಬ್ಬರು ಕೆಲಸ ಬಿಟ್ಟು ಪರಸ್ಪರ ತಲೆಗೆ ಹೊಡೆದುಕೊಳ್ಳುತ್ತಿರುವುದನ್ನೂ ಹೆಣೆದವರು ಬಿಟ್ಟಿಲ್ಲ.

ಮರಕ್ಕೆ ಬೆಂಕಿಯ ಭಯ, ಮಳೆಯ ಭಯ. ಕೈಯಲ್ಲಿ ಹಣವಿದ್ದವರು ಕಲ್ಲಿಗೆ ತಿರುಗಿದರು. ಅಂಜೂ ಸೀಮೆಯ ಒಡೆಯ ಫುಲ್ಕ್ ನೆರಾ ಸಾವಿರನೇ ಇಸವಿಯ ಆಸುಪಾಸಿನಲ್ಲಿ ಲಾಂಜೆಯಲ್ಲಿ ಕಟ್ಟಿಸಿದ ಗೋಪುರ, ಉಳಿದಿರುವ ಕಲ್ಲಿನ ಗೋಪುರಗಳಲ್ಲಿ ಅತಿ ಹಳೆಯವುಗಳ ಸಾಲಿಗೆ ಸೇರುತ್ತದೆ. ಲಂಡನ್ನಿನ ಬಿಳಿ ಗೋಪುರದ ಕೆಲಸ 1070ರ ದಶಕದಲ್ಲಿ ಶುರುವಾಯಿತು. ನಗರದ ಜನ ಬೆಳಗೆದ್ದರೆ ಅದನ್ನು ನೋಡಲೇಬೇಕು, ಸೋತದ್ದನ್ನು ನೆನೆಯಲೇಬೇಕು. ಕೋಟೆ ಬರೀ ರಕ್ಷಣೆಗಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಅದು ಕಚೇರಿ, ಖಜಾನೆ, ನ್ಯಾಯಸ್ಥಾನ, ಸೆರೆಮನೆ. ಎಲ್ಲಕ್ಕೂ ಮಿಗಿಲಾಗಿ, ಸುತ್ತಲಿನ ಸೀಮೆಯನ್ನು ಹಿಡಿದಿಟ್ಟುಕೊಳ್ಳುವ ಹಿಡಿಕೆ. ಕುದುರೆ ಸವಾರರ ಒಂದು ತುಕಡಿ ಅಲ್ಲಿದ್ದರೆ ಒಂದು ಹಗಲಿನ ಸವಾರಿಯ ದೂರದವರೆಗೂ ಕಂದಾಯ ಎತ್ತಬಹುದು, ದಂಗೆ ಅಡಗಿಸಬಹುದು, ಹಾದುಹೋಗುವ ಶತ್ರುವಿನ ಬೆನ್ನಿಗೆ ಬೀಳಬಹುದು. ಆದ್ದರಿಂದಲೇ ದಂಡೆತ್ತಿ ಬಂದವನು ಕೋಟೆಯನ್ನು ಹಾಗೇ ಬಿಟ್ಟು ಮುಂದಕ್ಕೆ ಹೋಗಲಾರ.

ನೈಟ್ ಎಂಬ ದುಬಾರಿ ಮನುಷ್ಯ

ನೈಟ್ ಮೂಲತಃ ಕುದುರೆಯ ಮೇಲೆ ಕೂತು ಹೋರಾಡುವ ಸೈನಿಕ. ಹನ್ನೊಂದನೇ ಶತಮಾನದಲ್ಲಿ ಅನೇಕ ನೈಟ್‌ಗಳು ದೊಡ್ಡ ಒಡೆಯರ ಮನೆಯ ಅನ್ನ ತಿಂದು ಬದುಕುತ್ತಿದ್ದ ಸಾಮಾನ್ಯ ಆಳುಗಳೇ. ಮುಂದಿನ ಇನ್ನೂರು ವರ್ಷಗಳಲ್ಲಿ ಆ ಹೆಸರಿಗೆ ಮಾನ, ವಂಶ, ಲಾಂಛನ, ಧರ್ಮದ ಆಶೀರ್ವಾದ ಎಲ್ಲ ಅಂಟಿಕೊಂಡವು. ಹಾಗಾಗಲು ದೊಡ್ಡ ಕಾರಣ ಖರ್ಚು. ಸಾವಿರಾರು ಕಬ್ಬಿಣದ ಬಳೆಗಳನ್ನು ಒಂದಕ್ಕೊಂದು ಹೆಣೆದು ಮಾಡಿದ ಅಂಗಿ, ಶಿರಸ್ತ್ರಾಣ, ಕತ್ತಿ, ಈಟಿ, ಯುದ್ಧಕ್ಕೆಂದೇ ಪಳಗಿಸಿದ ಗಂಡುಕುದುರೆ, ಪ್ರಯಾಣಕ್ಕೆ ಇನ್ನೊಂದು ಕುದುರೆ, ಸಾಮಾನು ಹೊರಲು ಮತ್ತೊಂದು, ಇವನ್ನೆಲ್ಲ ನೋಡಿಕೊಳ್ಳಲು ಹುಡುಗರು. ಇದನ್ನೆಲ್ಲ ಭರಿಸಲು ಹಲವು ರೈತರ ದುಡಿಮೆ ಬೇಕು. ಆ ದುಡಿಮೆಯನ್ನು ಒದಗಿಸುತ್ತಿದ್ದದ್ದು ಉಂಬಳಿಯಾಗಿ ಸಿಕ್ಕ ಭೂಮಿ. ಭೂಮಿ ಕೊಟ್ಟವನಿಗೆ ವರ್ಷಕ್ಕೆ ಸಾಮಾನ್ಯವಾಗಿ ನಲವತ್ತು ದಿನದ ಸೇವೆ ಸಲ್ಲಬೇಕಿತ್ತು.

ಮುತ್ತಿಗೆ ನಲವತ್ತು ದಿನಕ್ಕೆ ಮುಗಿಯುವುದಿಲ್ಲ. ನಲವತ್ತೊಂದನೇ ದಿನ ಗಂಟುಮೂಟೆ ಕಟ್ಟುವ ಸೇನೆಯನ್ನು ನಂಬಿ ದೊರೆಗಳು ಯುದ್ಧ ಮಾಡುವುದು ಕಷ್ಟ. ಅದಕ್ಕೇ ಹನ್ನೆರಡನೇ ಶತಮಾನದಲ್ಲೇ ಇಂಗ್ಲೆಂಡಿನಲ್ಲಿ ಸೇವೆಯ ಬದಲು ಹಣ ಕಟ್ಟುವ ರೂಢಿ ಬಲಿಯಿತು. ಆ ಹಣದಿಂದ ದೊರೆ ಕೂಲಿಯ ಸೈನಿಕರನ್ನು ಇಟ್ಟುಕೊಂಡ. ನಿಷ್ಠೆ, ಪ್ರಮಾಣ, ಸ್ವಾಮಿಭಕ್ತಿಗಳ ಮಾತು ಎಷ್ಟೇ ಇದ್ದರೂ ಮಧ್ಯಯುಗದ ಸೇನೆಗಳಲ್ಲಿ ಸಂಬಳದ ಪಟ್ಟಿ ಉದ್ದವಾಗಿಯೇ ಇತ್ತು.

ಒಬ್ಬ ನೈಟ್‌ನ ಬದುಕು ಹೇಗಿರಬಹುದಿತ್ತು ಎನ್ನಲು ವಿಲಿಯಂ ಮಾರ್ಷಲ್‌ಗಿಂತ ಒಳ್ಳೆಯ ನಿದರ್ಶನ ಸಿಗದು. ಹುಟ್ಟಿದ್ದು 1147ರ ಸುಮಾರಿಗೆ, ಸಣ್ಣ ಒಡೆಯನೊಬ್ಬನ ಕಿರಿಯ ಮಗನಾಗಿ. ಅಂದರೆ ಭೂಮಿಯ ಆಸೆ ಇಲ್ಲ. 1152ರಲ್ಲಿ ದೊರೆ ಸ್ಟೀಫನ್ ಅಪ್ಪನ ಕೋಟೆಗೆ ಮುತ್ತಿಗೆ ಹಾಕಿದಾಗ, ಕದನವಿರಾಮಕ್ಕೆ ಒತ್ತೆಯಾಗಿ ಪುಟ್ಟ ವಿಲಿಯಂನನ್ನು ದೊರೆಯ ಕೈಗೆ ಒಪ್ಪಿಸಲಾಯಿತು. ಅಪ್ಪ ಕೊಟ್ಟ ಮಾತು ಮುರಿದು, ವಿರಾಮದ ಅವಧಿಯಲ್ಲಿ ಕೋಟೆಗೆ ದವಸ ತುಂಬಿಸಿಕೊಂಡ. ಹುಡುಗನನ್ನು ಗಲ್ಲಿಗೇರಿಸುತ್ತೇನೆಂದು ದೊರೆ ಬೆದರಿಸಿದರೆ, ಇನ್ನೂ ಒಳ್ಳೆಯ ಮಕ್ಕಳನ್ನು ತಯಾರಿಸುವ ಸುತ್ತಿಗೆ, ಅಡಿಗಲ್ಲು ತನ್ನ ಬಳಿ ಇವೆ ಎಂದು ಹೇಳಿ ಕಳಿಸಿದನಂತೆ. ದೊರೆಗೆ ಮಗುವನ್ನು ಕೊಲ್ಲಲು ಮನಸ್ಸು ಬರಲಿಲ್ಲ. ಆ ಹುಡುಗ ಬೆಳೆದು ಪಂದ್ಯಕಾಳಗಗಳಲ್ಲಿ ಹೆಸರು ಮಾಡಿದ.

ಆಗಿನ ಪಂದ್ಯಕಾಳಗ ಇಬ್ಬರು ಸವಾರರು ಈಟಿ ಚಾಚಿ ಎದುರಾಗುವ ಅಚ್ಚುಕಟ್ಟಾದ ಆಟವಲ್ಲ. ಎರಡು ದೊಡ್ಡ ಗುಂಪುಗಳು ಹೊಲಗದ್ದೆ, ಊರುಕೇರಿಗಳ ನಡುವೆ ನುಗ್ಗಾಡುವ, ಯುದ್ಧಕ್ಕೆ ಒಂದು ಕೂದಲೆಳೆ ಕಡಿಮೆಯಾದ ಗದ್ದಲ. ಸೆರೆಸಿಕ್ಕವನು ಕುದುರೆ, ಕವಚ ಕಳೆದುಕೊಳ್ಳಬೇಕು, ಬಿಡುಗಡೆಗೆ ಹಣ ತೆರಬೇಕು. ಚರ್ಚು 1130ರಲ್ಲೇ ಇದನ್ನು ನಿಷೇಧಿಸಿತ್ತು, ಯಾರೂ ಲೆಕ್ಕಕ್ಕಿಡಲಿಲ್ಲ. ತಾನು ಐನೂರು ನೈಟ್‌ಗಳನ್ನು ಸೆರೆಹಿಡಿದೆನೆಂದು ಮಾರ್ಷಲ್ ಸಾಯುವ ಹೊತ್ತಿನಲ್ಲಿ ಹೇಳಿಕೊಂಡನೆಂದು ಅವನ ಮನೆತನದವರು ಬರೆಸಿದ ಜೀವನಚರಿತ್ರೆ ದಾಖಲಿಸುತ್ತದೆ. ರಾಜರ ಸೇವೆ, ಸಿರಿವಂತ ಮನೆತನದ ವಾರಸುದಾರಳೊಡನೆ ಮದುವೆ, ಪೆಂಬ್ರೋಕಿನ ಅರ್ಲ್ ಪದವಿ ಒಂದಾದ ಮೇಲೊಂದು ಬಂದವು. 1216ರಲ್ಲಿ ಬಾಲಕ ಮೂರನೇ ಹೆನ್ರಿಯ ಪರವಾಗಿ ಇಂಗ್ಲೆಂಡನ್ನೇ ಆಳುವ ಹೊಣೆ ಅವನ ಹೆಗಲಿಗೇರಿತು. ಮರುವರ್ಷ ಲಿಂಕನ್ ಕಾಳಗದಲ್ಲಿ, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, ತಾನೇ ಮುಂದೆ ನಿಂತು ನುಗ್ಗಿದ.

ಬಿಡುಗಡೆ ಹಣದ ಲೆಕ್ಕಾಚಾರ ಯುದ್ಧದ ಸ್ವರೂಪವನ್ನೇ ತಿದ್ದಿತ್ತು. ಸತ್ತ ನೈಟ್‌ನಿಂದ ಕವಚವಷ್ಟೇ ಲಾಭ, ಬದುಕಿದವನಿಂದ ಒಂದು ಆಸ್ತಿ. ನೈಟ್‌ಗಳು ಪರಸ್ಪರ ತೋರಿದ ಸೌಜನ್ಯಕ್ಕೆ ಕ್ರೈಸ್ತ ಧರ್ಮದ ದಯೆಗಿಂತ ಈ ಲೆಕ್ಕವೇ ಹೆಚ್ಚು ಕಾರಣವೆಂದು ನನ್ನ ಎಣಿಕೆ. ಬಿಡುಗಡೆ ಹಣ ಕೊಡಲಾಗದ ಕಾಲಾಳಿಗೆ ಆ ಸೌಜನ್ಯ ಸಿಕ್ಕಿದ್ದು ಅಪರೂಪ. 1356ರಲ್ಲಿ ಪ್ವಾಟಿಯೇ ಕಾಳಗದಲ್ಲಿ ಫ್ರಾನ್ಸಿನ ದೊರೆ ಎರಡನೇ ಜಾನ್ ಇಂಗ್ಲಿಷರ ಕೈಗೆ ಸಿಕ್ಕಿಬಿದ್ದ. ಅವನ ಬೆಲೆ ಮೂವತ್ತು ಲಕ್ಷ ಚಿನ್ನದ ನಾಣ್ಯವೆಂದು 1360ರಲ್ಲಿ ತೀರ್ಮಾನವಾಯಿತು. ಪೂರ್ತಿ ಹಣ ಸಂದಾಯವಾಗಲೇ ಇಲ್ಲ. ಒತ್ತೆಯಿದ್ದ ಮಗ ತಪ್ಪಿಸಿಕೊಂಡು ಓಡಿದಾಗ ಜಾನ್ ತಾನಾಗಿಯೇ ಲಂಡನ್ನಿಗೆ ಮರಳಿ, 1364ರಲ್ಲಿ ಅಲ್ಲೇ ಸತ್ತ.

ಮುತ್ತಿಗೆ ಹಾಕುವ ಬಗೆ

ಮುತ್ತಿಗೆ ಮಾತುಕತೆಯಿಂದ ಆರಂಭವಾಗುತ್ತಿತ್ತು. ಕೂಡಲೇ ಬಾಗಿಲು ತೆರೆದರೆ ಪ್ರಾಣ, ಆಸ್ತಿ ಉಳಿಯುತ್ತವೆ. ಲಗ್ಗೆಯಿಂದ ಕೋಟೆ ಬಿದ್ದರೆ ಒಳಗಿನವರಿಗೆ ಯಾವ ಹಕ್ಕೂ ಇಲ್ಲ. ಇವೆರಡರ ನಡುವೆ ಒಂದು ಜಾಣ ದಾರಿಯೂ ಇತ್ತು. ಇಂಥ ದಿನದೊಳಗೆ ನಮ್ಮ ಒಡೆಯ ನೆರವಿಗೆ ಬಾರದಿದ್ದರೆ ಕೋಟೆ ಒಪ್ಪಿಸುತ್ತೇವೆ ಎಂದು ಕರಾರು ಮಾಡಿಕೊಳ್ಳುವುದು. ಒಡೆಯ ಬರದಿದ್ದರೆ ತಪ್ಪು ಅವನದಾಗುತ್ತದೆ, ಕಾವಲಿನವರ ಮಾನ ಉಳಿಯುತ್ತದೆ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಯ ಇಂಗ್ಲಿಷ್ ಕಾವಲಿನವರು 1314ರ ನಡುಬೇಸಿಗೆಗೆ ಇಂಥದೇ ಗಡುವು ಒಪ್ಪಿದ್ದರು. ಗಡುವಿಗೆ ಸರಿಯಾಗಿ ಎರಡನೇ ಎಡ್ವರ್ಡ್ ದೊಡ್ಡ ದಂಡಿನೊಂದಿಗೆ ಬಂದ. ಬ್ಯಾನಕ್‌ಬರ್ನ್‌ನಲ್ಲಿ ರಾಬರ್ಟ್ ಬ್ರೂಸ್‌ನ ಈಟಿಗಾರರು ಆ ದಂಡನ್ನು ಮುರಿದರು. ಕಾಳಗಗಳು ಬಹಳ ಸಲ ಹೀಗೆ ಯಾವುದೋ ಮುತ್ತಿಗೆಯ ಹೊಟ್ಟೆಯಿಂದ ಹುಟ್ಟಿದವು.

ಮಾತು ಮುರಿದರೆ ಸರಂಜಾಮುಗಳು ಹೊರಬೀಳುತ್ತಿದ್ದವು. ಏಣಿ, ಬಾಗಿಲು ಗುದ್ದುವ ದಿಮ್ಮಿ, ಚಕ್ರದ ಮೇಲೆ ಉರುಳುವ ಮರದ ಗೋಪುರ ಎಲ್ಲವೂ ಹಳೆಯ ಕಾಲದಿಂದ ಬಂದವು. ಮಧ್ಯಯುಗದ ಹೆಮ್ಮೆ ಟ್ರೆಬುಶೆ ಎಂಬ ದೈತ್ಯ ಕವಣೆ. ಬಾವಿಯ ಏತವನ್ನು ಕಂಡವರಿಗೆ ಇದರ ಮರ್ಮ ತಟ್ಟನೆ ತಿಳಿಯುತ್ತದೆ. ಎತ್ತರದ ಕಂಬದ ಮೇಲೆ ಉದ್ದನೆಯ ತೊಲೆ. ಅದರ ಗಿಡ್ಡ ತುದಿಗೆ ಕಲ್ಲು, ಸೀಸ ತುಂಬಿದ ಪೆಟ್ಟಿಗೆ, ಉದ್ದ ತುದಿಗೆ ಹಗ್ಗದ ಕವಣೆ. ಪೆಟ್ಟಿಗೆ ಕೆಳಗೆ ಬೀಳುತ್ತಲೇ ಇನ್ನೊಂದು ತುದಿ ಚಿಮ್ಮಿ, ನೂರು ಕಿಲೋಗೂ ಮಿಗಿಲಾದ ಗುಂಡು ಗೋಡೆಯತ್ತ ಹಾರುತ್ತದೆ. ಜನರು ಹಗ್ಗ ಎಳೆದು ನಡೆಸುವ ಹಿಂದಿನ ರೂಪ ಚೀನಾದಲ್ಲಿ ಹುಟ್ಟಿ ಪಶ್ಚಿಮಕ್ಕೆ ಬಂದದ್ದು. ಭಾರದ ಪೆಟ್ಟಿಗೆಯ ರೂಪ ಹನ್ನೆರಡನೇ ಶತಮಾನದ ಹೊತ್ತಿಗೆ ಮೆಡಿಟರೇನಿಯನ್ ಸುತ್ತಮುತ್ತ ಬಳಕೆಗೆ ಬಂತು.

ಇದೇ ಸ್ಟರ್ಲಿಂಗ್ ಕೋಟೆಯನ್ನು 1304ರಲ್ಲಿ ಮುತ್ತಿದ ಮೊದಲನೇ ಎಡ್ವರ್ಡ್ ‘ವಾರ್‌ವುಲ್ಫ್’ ಎಂಬ ಟ್ರೆಬುಶೆ ಮಾಡಿಸಿದ. ಸೀಸಕ್ಕಾಗಿ ಸುತ್ತಲಿನ ಚರ್ಚುಗಳ ಚಾವಣಿ ಕಿತ್ತರು. ಅಷ್ಟರಲ್ಲಿ ಒಳಗಿನವರು ಶರಣಾಗಲು ಬಂದರು. ಯಂತ್ರ ಕೆಲಸ ಮಾಡುವುದನ್ನು ನೋಡದೆ ಶರಣಾಗತಿ ಒಪ್ಪುವುದಿಲ್ಲವೆಂದು ದೊರೆ ಅವರನ್ನು ಒಳಕ್ಕೆ ಅಟ್ಟಿದ. ರಾಣಿ ಮತ್ತು ಅವಳ ಸಂಗಡಿಗ ಹೆಂಗಸರು ನೋಡಲೆಂದು ಪಟ್ಟಣದ ಮನೆಯೊಂದಕ್ಕೆ ಹೊಸ ಕಿಟಕಿಯನ್ನೇ ಇಡಿಸಿದ್ದ.

ಆದರೆ ಗೋಡೆ ಕೆಡವುವುದರಲ್ಲಿ ಕವಣೆಗಿಂತ ಭಯಂಕರವಾದದ್ದು ಸುರಂಗ. ಗೋಡೆಯ ಮೂಲೆಯ ಬುಡಕ್ಕೆ ನೆಲದೊಳಗಿಂದ ತೋಡಿಕೊಂಡು ಹೋಗಿ, ತಳಪಾಯವನ್ನು ಮರದ ಊರೆಗಳ ಮೇಲೆ ನಿಲ್ಲಿಸಿ, ಸೌದೆ ತುಂಬಿ ಬೆಂಕಿ ಇಟ್ಟರೆ ಊರೆ ಸುಟ್ಟು ಗೋಡೆ ಕುಸಿಯುತ್ತದೆ. ಚೌಕ ಗೋಪುರಗಳ ಚೂಪು ಮೂಲೆಗಳೇ ಇದಕ್ಕೆ ಸುಲಭದ ಗುರಿ. ಹದಿಮೂರನೇ ಶತಮಾನದಲ್ಲಿ ದುಂಡು ಬುರುಜುಗಳು ಹೆಚ್ಚಿದ್ದಕ್ಕೆ ಇದೂ ಒಂದು ಕಾರಣ. ನೀರು ತುಂಬಿದ ಕಂದಕ, ಬಂಡೆಯ ಮೇಲಿನ ತಳಪಾಯ ಸುರಂಗಕ್ಕೆ ಮದ್ದು.

ಇನ್ನು ಕೋಟೆಯ ಮೇಲಿಂದ ಕುದಿಯುವ ಎಣ್ಣೆ ಸುರಿಯುವ ದೃಶ್ಯ. ಎಣ್ಣೆ ದುಬಾರಿ, ಮುತ್ತಿಗೆಯಲ್ಲಿ ಅದು ಊಟದ ಸಾಮಾನು. ಕಲ್ಲು, ಬಿಸಿನೀರು, ಕಾದ ಮರಳು ಪುಕ್ಕಟೆ ಸಿಗುವಾಗ ಎಣ್ಣೆ ಯಾರು ಚೆಲ್ಲುತ್ತಾರೆ? ಹಾಗೆಯೇ, ಸುರುಳಿ ಮೆಟ್ಟಿಲುಗಳು ಬಲಕ್ಕೆ ತಿರುಗುವುದು ಇಳಿಯುವವನ ಕತ್ತಿಗೆ ಅನುಕೂಲವಾಗಲೆಂದು ಪ್ರವಾಸಿ ಮಾರ್ಗದರ್ಶಿಗಳು ಒಪ್ಪಿಸುವ ಪಾಠವೂ ಅನುಮಾನದ್ದು. ಎಡಕ್ಕೆ ತಿರುಗುವ ಮೆಟ್ಟಿಲುಗಳೂ ಸಾಕಷ್ಟಿವೆ. ಶತ್ರು ಮೆಟ್ಟಿಲೇರುವ ಹೊತ್ತಿಗೆ ಕೋಟೆ ಹೇಗೂ ಸೋತಿರುತ್ತದೆ.

ರೋಚೆಸ್ಟರ್, 1215: ನಲವತ್ತು ಹಂದಿಗಳು

ಇಂಗ್ಲೆಂಡಿನ ದೊರೆ ಜಾನ್ 1215ರ ಜೂನ್‌ನಲ್ಲಿ ಒಡೆಯರೊಡನೆ ಮಾಡಿಕೊಂಡ ಮ್ಯಾಗ್ನಾ ಕಾರ್ಟಾ ಒಪ್ಪಂದಕ್ಕೆ ಮುದ್ರೆ ಒತ್ತಿದ, ಕೆಲವೇ ವಾರಗಳಲ್ಲಿ ಪೋಪನಿಂದ ಅದನ್ನು ರದ್ದು ಮಾಡಿಸಿಕೊಂಡ. ಬಂಡೆದ್ದ ಒಡೆಯರು ಲಂಡನ್ನಿನ ದಾರಿಯಲ್ಲಿದ್ದ ರೋಚೆಸ್ಟರ್ ಕೋಟೆಯನ್ನು ಹಿಡಿದರು. ಮೆಡ್ವೇ ನದಿಯ ಸೇತುವೆ ಕಾಯುವ ಈ ಕೋಟೆಯ ನಡುಗೋಪುರ 34 ಮೀಟರ್‌ಗೂ ಎತ್ತರ. ಕಟ್ಟಿಸಿದವನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್. ಅಕ್ಟೋಬರ್‌ನಲ್ಲಿ ಜಾನ್ ಬಂದು ಮುತ್ತಿದ.

ಐದು ಕವಣೆ ಯಂತ್ರಗಳು ಹಗಲಿರುಳು ಕಲ್ಲೆಸೆದವು. ಹೊರಗೋಡೆ ಬಿತ್ತು. ಗೋಪುರ ಜಗ್ಗಲಿಲ್ಲ. ಆಗ ಜಾನ್ ಸುರಂಗದವರನ್ನು ಇಳಿಸಿದ. ನವೆಂಬರ್ 25ರಂದು ತನ್ನ ಅಧಿಕಾರಿ ಹ್ಯೂಬರ್ಟ್ ಡಿ ಬರ್ಗ್‌ಗೆ ಬರೆಸಿದ ಓಲೆ ಇಂದಿಗೂ ಸರ್ಕಾರಿ ದಾಖಲೆಗಳಲ್ಲಿದೆ. ತಿನ್ನಲು ಅಷ್ಟೇನೂ ಲಾಯಕ್ಕಲ್ಲದ, ಕೊಬ್ಬಿದ ನಲವತ್ತು ಹಂದಿಗಳನ್ನು ತಡಮಾಡದೆ ಕಳಿಸು, ಗೋಪುರದ ಬುಡಕ್ಕೆ ಬೆಂಕಿ ಇಡಬೇಕಿದೆ ಎಂಬುದು ಅದರ ಸಾರ. ಹಂದಿಯ ಕೊಬ್ಬಿನಿಂದ ಧಗಧಗಿಸಿದ ಬೆಂಕಿಗೆ ಊರೆಗಳು ಸುಟ್ಟು, ಆಗ್ನೇಯ ಮೂಲೆ ನೆಲಕ್ಕುರುಳಿತು.

ಅಷ್ಟಾದರೂ ಒಳಗಿನವರು ಸೋಲೊಪ್ಪಲಿಲ್ಲ. ಗೋಪುರದ ನಡುವೆ ಮೇಲಿಂದ ಕೆಳಗಿನವರೆಗೆ ಒಂದು ದಪ್ಪ ಅಡ್ಡಗೋಡೆ ಇತ್ತು. ಅದರ ಹಿಂದೆ ಸರಿದು ಹೋರಾಟ ಮುಂದುವರಿಸಿದರು. ಊಟಕ್ಕೆ ಉಳಿದಿದ್ದದ್ದು ಕುದುರೆ ಮಾಂಸ. ಕೈಲಾಗದವರನ್ನು ಹೊರಗೆ ಕಳಿಸಿದಾಗ ಜಾನ್ ಅವರಲ್ಲಿ ಕೆಲವರ ಕೈಕಾಲು ಕಡಿಸಿದನೆಂದು ಆ ಕಾಲದ ಚರಿತ್ರೆಕಾರ ಬರೆಯುತ್ತಾನೆ. ಏಳು ವಾರ ಕಳೆದು, ನವೆಂಬರ್ 30ರಂದು, ಹಸಿವು ತಾಳಲಾರದೆ ಶರಣಾದರು. ಎಲ್ಲರನ್ನೂ ಗಲ್ಲಿಗೇರಿಸಬೇಕೆಂದು ಜಾನ್ ಹೊರಟಾಗ ಅವನದೇ ಕಡೆಯ ನಾಯಕ ಸವಾರಿ ಡಿ ಮೋಲಿಯೋಂ ತಡೆದ. ಇಂದು ನಾವು ನೇಣು ಹಾಕಿದರೆ ನಾಳೆ ನಮ್ಮವರು ಅವರಿಗೆ ಸಿಕ್ಕಾಗ ಅದೇ ಗತಿ, ಆಮೇಲೆ ನಿನಗಾಗಿ ಹೋರಾಡಲು ಯಾರೂ ಉಳಿಯುವುದಿಲ್ಲ ಎಂಬುದು ಅವನ ವಾದ. ಜಾನ್ ಸುಮ್ಮನಾದ, ಒಬ್ಬ ಅಡ್ಡಬಿಲ್ಲುಗಾರನನ್ನು ಮಾತ್ರ ನೇಣಿಗೇರಿಸಿದ. ಮರುವರ್ಷ ಅವನೇ ರಕ್ತಭೇದಿಯಿಂದ ಸತ್ತ. ಬಿದ್ದ ಮೂಲೆಯನ್ನು ಅವನ ಮಗನ ಕಾಲದಲ್ಲಿ ಹೊಸ ರೀತಿಗೆ ದುಂಡಾಗಿ ಕಟ್ಟಿದರು. ಮೂರು ಚೌಕ ಮೂಲೆ, ಒಂದು ದುಂಡು ಮೂಲೆಯ ಆ ಗೋಪುರವನ್ನು ಈಗಲೂ ನೋಡಬಹುದು.

ಶಾತೊ ಗಯಾರ್: ಬೇಡವಾದ ಬಾಯಿಗಳು

ಜಾನ್‌ನ ಅಣ್ಣ ‘ಸಿಂಹಹೃದಯ’ ರಿಚರ್ಡ್ 1196ರಿಂದ 1198ರ ನಡುವೆ ಸೇನ್ ನದಿಯ ದಂಡೆಯ ಬಿಳಿ ಸುಣ್ಣಕಲ್ಲಿನ ಬೆಟ್ಟದ ಮೇಲೆ ಶಾತೊ ಗಯಾರ್ ಕಟ್ಟಿಸಿದ್ದ. ನಾರ್ಮಂಡಿಯ ರಾಜಧಾನಿ ರೂಆನ್‌ಗೆ ಹೋಗುವ ದಾರಿಗೆ ಅದೇ ಬೀಗ. ಒಂದರ ಹಿಂದೊಂದು ಮೂರು ಆವರಣ. ಪ್ರತಿಯೊಂದಕ್ಕೂ ಬೇರೆ ಕಂದಕ. 1199ರಲ್ಲಿ ಶಾಲೂ ಎಂಬ ಸಣ್ಣ ಕೋಟೆಯನ್ನು ಮುತ್ತುತ್ತಿದ್ದಾಗ ಅಡ್ಡಬಿಲ್ಲಿನ ಬಾಣ ತಾಗಿ ರಿಚರ್ಡ್ ಸತ್ತ. ಕೋಟೆ ಜಾನ್ ಪಾಲಿಗೆ ಬಂತು.

1203ರ ಬೇಸಿಗೆಯ ಕೊನೆಗೆ ಫಿಲಿಪ್ ಆಗಸ್ಟಸ್ ಬಂದು ಸುತ್ತುಗಟ್ಟಿದ. ನದಿಯಲ್ಲಿ ದವಸದ ದೋಣಿಗಳು, ದಡದಲ್ಲಿ ಮಾರ್ಷಲ್‌ನ ದಂಡು ಒಟ್ಟಿಗೆ ರಾತ್ರಿ ಬಂದು ಬೀಳಬೇಕೆಂದು ಜಾನ್ ಯೋಜಿಸಿದ್ದ. ನದಿಯ ಸೆಳವಿನ ಲೆಕ್ಕ ತಪ್ಪಿ ದೋಣಿಗಳು ತಡವಾದವು. ಎರಡೂ ತುಕಡಿಗಳು ಬೇರೆ ಬೇರೆಯಾಗಿ ಪೆಟ್ಟು ತಿಂದವು. ಕೆಳಗಿನ ಊರಿನ ಜನ ಹೆದರಿ ಕೋಟೆಯೊಳಗೆ ನುಗ್ಗಿದರು. ಕೋಟೆಯ ನಾಯಕ ರೋಜರ್ ಡಿ ಲೇಸಿ ದವಸ ಎಣಿಸಿ ನೋಡಿದ. ಹೋರಾಡಲಾರದ ಮುದುಕರು, ಹೆಂಗಸರು, ಮಕ್ಕಳನ್ನು ಗುಂಪು ಗುಂಪಾಗಿ ಹೊರಗೆ ದೂಡಿದ. ಮೊದಲ ಗುಂಪುಗಳನ್ನು ಫ್ರೆಂಚ್ ಸೈನಿಕರು ಹೋಗಗೊಟ್ಟರು. ತಿನ್ನುವ ಬಾಯಿ ಕಡಿಮೆಯಾದಷ್ಟೂ ಕೋಟೆ ಹೆಚ್ಚು ದಿನ ನಿಲ್ಲುತ್ತದೆಂದು ಫಿಲಿಪ್‌ಗೆ ಹೊಳೆದದ್ದೇ ತಡ, ಇನ್ನು ಒಬ್ಬರನ್ನೂ ಬಿಡಬೇಡಿ ಎಂದ. ಕೊನೆಯ ಗುಂಪು ಹೊರಬಿದ್ದಾಗ ಮುಂದೆ ಬಾಣಗಳು, ಹಿಂದೆ ಮುಚ್ಚಿದ ಬಾಗಿಲು. ನೂರಾರು ಜನ ಚಳಿಗಾಲವನ್ನು ಎರಡು ಸೇನೆಗಳ ನಡುವಿನ ಇಳಿಜಾರಿನಲ್ಲಿ, ಸೊಪ್ಪುಸದೆ ತಿಂದು ಕಳೆದರು. ಬಹುಪಾಲು ಜನ ಸತ್ತರು. ಕೊನೆಗೆ ಫಿಲಿಪ್ ಕನಿಕರಪಟ್ಟು ಅನ್ನ ಹಾಕಿಸಿ ಕಳಿಸಿದನೆಂದು ಅವನ ಆಸ್ಥಾನದ ಪಾದ್ರಿಯೇ ಬರೆದಿದ್ದಾನೆ. ಈ ಮುತ್ತಿಗೆಯಲ್ಲಿ ಯಾರು ವೀರರು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಮೊದಲ ಆವರಣ ಸುರಂಗಕ್ಕೆ ಬಿತ್ತು. ಎರಡನೆಯದರಲ್ಲಿ ಜಾನ್ ಕಟ್ಟಿಸಿದ್ದ ಪ್ರಾರ್ಥನಾ ಮಂದಿರದ ಕಿಟಕಿಯಿಂದಲೋ, ಕಕ್ಕಸಿನ ಕೊಳವೆಯಿಂದಲೋ ಕೆಲವು ಸೈನಿಕರು ತೂರಿಕೊಂಡು ಬಂದು ಗದ್ದಲವೆಬ್ಬಿಸಿದರು. ಮೂರನೆಯದಕ್ಕೆ ಮತ್ತೆ ಸುರಂಗ. 1204ರ ಮಾರ್ಚ್ 6ರಂದು ಕೋಟೆ ಫಿಲಿಪ್‌ನ ವಶವಾಯಿತು. ಜೂನ್‌ನಲ್ಲಿ ರೂಆನ್ ಹೆಚ್ಚು ಹೋರಾಟವಿಲ್ಲದೆ ಬಾಗಿಲು ತೆರೆಯಿತು. ಇಂಗ್ಲೆಂಡನ್ನು ಗೆದ್ದ ವಿಲಿಯಂನ ವಂಶ ನಾರ್ಮಂಡಿಯನ್ನು ಕಳೆದುಕೊಂಡದ್ದು ಹೀಗೆ, ಒಂದು ದೊಡ್ಡ ಕಾಳಗವೂ ಇಲ್ಲದೆ.

ವೇಲ್ಸ್: ಸಾಲ ತಂದು ಕಟ್ಟಿದ ಕೋಟೆಗಳು

ಕೋಟೆ ವಿದ್ಯೆಯ ನೆತ್ತಿಯೆಂದರೆ ಮೊದಲನೇ ಎಡ್ವರ್ಡ್ ಉತ್ತರ ವೇಲ್ಸ್‌ನಲ್ಲಿ ಕಟ್ಟಿಸಿದ ಸಾಲು. ವೇಲ್ಸ್‌ನ ದೊರೆ ಲಿವೆಲಿನ್ 1282ರ ಡಿಸೆಂಬರ್‌ನಲ್ಲಿ ಹತನಾದ ಮೇಲೆ ಕಾನ್ವಿ, ಕನಾರ್ವನ್, ಹಾರ್ಲೆಕ್ ಕೋಟೆಗಳ ಕೆಲಸ 1283ರಲ್ಲಿ ಒಟ್ಟಿಗೇ ಶುರುವಾಯಿತು. ಕಟ್ಟಿದವನು ಆಲ್ಪ್ಸ್ ಸೀಮೆಯ ಸವಾಯ್‌ನಿಂದ ಬಂದ ಮೇಸ್ತ್ರಿ ಜೇಮ್ಸ್. ಇಂಗ್ಲೆಂಡಿನ ಮೂಲೆಮೂಲೆಗಳಿಂದ ಮಣ್ಣು ತೋಡುವವರನ್ನು, ಬಡಗಿಗಳನ್ನು, ಕಲ್ಲುಕುಟಿಗರನ್ನು ಬಲವಂತದಿಂದ ಕರೆಸಿದರು. ಹಣ ಬಂದದ್ದು ಇಟಲಿಯ ಲುಕ್ಕಾ ಪಟ್ಟಣದ ರಿಕ್ಕಾರ್ಡಿ ಸಾಹುಕಾರರಿಂದ. ಕಾನ್ವಿಗೆ ಸುಮಾರು 15,000 ಪೌಂಡ್ ಹಿಡಿಯಿತು. ಅಷ್ಟು ಖರ್ಚಿನ ಆ ಕೋಟೆಯನ್ನು ಕಾಯಲು ನೇಮಿಸಿದ್ದು ಮೂವತ್ತೇ ಆಳು. ಹಾರ್ಲೆಕ್‌ನಲ್ಲಿ 36. ಅವರೊಳಗೇ ಅಡ್ಡಬಿಲ್ಲುಗಾರರು, ಪಾದ್ರಿ, ಕಮ್ಮಾರ, ಬಡಗಿ, ಕಲ್ಲುಕುಟಿಗ ಎಲ್ಲರೂ ಬಂದರು. ಒಳ್ಳೆಯ ಕೋಟೆಯ ಲಾಭ ಇಲ್ಲಿದೆ. ಒಮ್ಮೆ ಕಲ್ಲಿಗೆ ಸುರಿದ ಹಣ ಮುಂದೆ ಸಂಬಳದಲ್ಲಿ ಉಳಿಯುತ್ತದೆ.

ಈ ಕೋಟೆಗಳನ್ನು ಕಡಲ ದಂಡೆಯಲ್ಲಿ, ಹಡಗಿನಿಂದ ದವಸ ಇಳಿಸಿಕೊಳ್ಳುವಂತೆ ಕಟ್ಟಿದ್ದರು. 1294ರಲ್ಲಿ ಮಡೋಗ್ ಎಂಬವನ ದಂಗೆಯೆದ್ದು ಹಾರ್ಲೆಕ್ ಸುತ್ತುವರಿಯಲ್ಪಟ್ಟಾಗ ಐರ್ಲೆಂಡಿನಿಂದ ಸಮುದ್ರದ ಮೂಲಕ ಬಂದ ಆಹಾರವೇ ಕೋಟೆಯನ್ನು ಉಳಿಸಿತು. ಆ ದಂಗೆಯ ಬೆನ್ನಿಗೆ 1295ರಲ್ಲಿ ಬೊಮಾರಿಸ್ ಆರಂಭವಾಯಿತು. ಗೋಡೆಯೊಳಗೆ ಗೋಡೆ, ಒಳಗಿನದು ಎತ್ತರ, ಹೊರಗಿನದು ತಗ್ಗು. ಹೊರಗೋಡೆ ಹತ್ತಿದವನ ಮೇಲೆ ಒಳಗೋಡೆಯಿಂದ ಬಾಣದ ಮಳೆ. ನಕ್ಷೆಯ ಅಂದದಲ್ಲಿ ಇದನ್ನು ಮೀರಿಸಿದ ಕೋಟೆ ಬ್ರಿಟನ್ನಿನಲ್ಲಿ ಇಲ್ಲ. ಮೇಸ್ತ್ರಿ ಜೇಮ್ಸ್ 1296ರಲ್ಲಿ ಖಜಾನೆಗೆ ಬರೆದ ಪತ್ರದಲ್ಲಿ ತನಗೆ 400 ಕಲ್ಲುಕುಟಿಗರು, 2,000 ಕೂಲಿಗಳು, 200 ಕಲ್ಲು ಗಣಿಯವರು, ನೂರು ಬಂಡಿ, ಮೂವತ್ತು ದೋಣಿ ಬೇಕಿರುವುದನ್ನು ಎಣಿಸಿ, ಕೂಲಿ ಕೊಡದೆ ಜನರನ್ನು ಹಿಡಿದಿಡುವುದು ಎಷ್ಟು ಕಷ್ಟವೆಂದು ತೋಡಿಕೊಂಡಿದ್ದಾನೆ. ಅಷ್ಟರಲ್ಲಿ ರಿಕ್ಕಾರ್ಡಿಗಳು ದಿವಾಳಿಯತ್ತ ಸಾಗಿದ್ದರು, ದೊರೆಯ ಕಣ್ಣು ಸ್ಕಾಟ್ಲೆಂಡಿನತ್ತ ತಿರುಗಿತ್ತು. ಬೊಮಾರಿಸ್ ಪೂರ್ತಿಯಾಗಲೇ ಇಲ್ಲ.

ಗೋಡೆಯ ಹೊರಗೆ ಉಳಿದವರು

ಕೋಟೆಯೊಳಗೆ ಜಾಗ ಸಿಗದ ಹಳ್ಳಿಗರ ಪಾಲಿಗೆ ಯುದ್ಧವೆಂದರೆ ಬೆಂಕಿ. ಶತ್ರುವಿನ ಕಂದಾಯದ ಬೇರನ್ನೇ ಸುಡುವುದು ಅಂದಿನ ಸೇನಾನೀತಿಯ ಮುಖ್ಯ ಭಾಗವಾಗಿತ್ತು. ಇಂಗ್ಲೆಂಡ್, ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧದಲ್ಲಿ ಇಂಗ್ಲಿಷರು ಇದನ್ನು ಪಳಗಿದ ವಿದ್ಯೆಯಾಗಿ ಮಾಡಿಕೊಂಡರು. 1355ರ ಶರತ್ಕಾಲದಲ್ಲಿ ‘ಕಪ್ಪು ರಾಜಕುಮಾರ’ ಎಡ್ವರ್ಡ್ ಬೋರ್ಡೋದಿಂದ ಹೊರಟು ಮೆಡಿಟರೇನಿಯನ್ ಸಮೀಪದ ನಾರ್ಬೋನ್‌ವರೆಗೆ ಹೋಗಿ ಬಂದ. ದಾರಿಯ ಹಳ್ಳಿ, ಗಿರಣಿ, ಪಟ್ಟಣಗಳು ಬೂದಿಯಾದವು, ಗಟ್ಟಿ ಕೋಟೆಗಳನ್ನು ಅವನು ಮುಟ್ಟಲಿಲ್ಲ. ಮರುವರ್ಷ ಪ್ವಾಟಿಯೇಯಲ್ಲಿ ಫ್ರೆಂಚ್ ನೈಟ್‌ಗಳು ಸೋತು, ದೊರೆಯೇ ಸೆರೆಯಾದ. ನಮ್ಮನ್ನು ಕಾಯುತ್ತೇವೆಂದು ಕಂದಾಯ ತಿಂದವರು ಕಾಯಲಿಲ್ಲ ಎಂಬ ಸಿಟ್ಟು 1358ರಲ್ಲಿ ಉತ್ತರ ಫ್ರಾನ್ಸಿನ ರೈತರ ದಂಗೆಯಾಗಿ ಸಿಡಿಯಿತು. ಕೆಲವೇ ವಾರಗಳಲ್ಲಿ ಅದನ್ನು ರಕ್ತದಲ್ಲಿ ಅದ್ದಿದರು.

ಸೈನಿಕರನ್ನು ಹೆಚ್ಚಾಗಿ ಕೊಂದದ್ದು ರೋಗ. 1415ರಲ್ಲಿ ಆರ್ಫ್ಲರ್ ಪಟ್ಟಣವನ್ನು ಮುತ್ತಿದ ಐದನೇ ಹೆನ್ರಿಯ ಸೇನೆಯನ್ನು ರಕ್ತಭೇದಿ ಬಹಳ ಕುಗ್ಗಿಸುವಷ್ಟು ಕಾಡಿತು. 1422ರಲ್ಲಿ ಹೆನ್ರಿಯೂ ಮುತ್ತಿಗೆಯೊಂದರ ಬಳಿಕ ಕಾಯಿಲೆ ಬಿದ್ದು ಸತ್ತ.

ಕಾಲಾಳುಗಳ ಸರದಿ

ನೈಟ್‌ಗಳನ್ನು ಬಯಲಿನಲ್ಲಿ ತಡೆಯಲು ಸಾಧ್ಯವೆಂದು ನೇಕಾರರು, ಕಟುಕರು ಸೇರಿದ್ದ ಪಡೆಯೊಂದು ತೋರಿಸಿಕೊಟ್ಟಿತು. 1302ರ ಜುಲೈ 11ರಂದು ಫ್ಲಾಂಡರ್ಸ್‌ನ ಕೋರ್ಟ್ರೈಕ್ ಬಳಿ ತೊರೆ, ಕೆಸರುಗಳ ಹಿಂದೆ ಭರ್ಜಿ ಹಿಡಿದು ಒತ್ತೊತ್ತಾಗಿ ನಿಂತ ಪಟ್ಟಣಿಗರು ಫ್ರಾನ್ಸಿನ ಕುದುರೆ ದಂಡನ್ನು ಕತ್ತರಿಸಿ ಹಾಕಿದರು. ಸೆರೆ ಹಿಡಿಯುವ ಮಾತೇ ಇರಲಿಲ್ಲ. ಸತ್ತ ನೈಟ್‌ಗಳ ಹಿಮ್ಮಡಿಯಿಂದ ಬಿಚ್ಚಿದ ಚಿನ್ನದ ಲೇಪದ ಮುಳ್ಳುಗಳನ್ನು ಊರಿನ ಚರ್ಚಿನಲ್ಲಿ ತೂಗುಹಾಕಿದರು. 1346ರಲ್ಲಿ ಕ್ರೆಸಿ, 1415ರಲ್ಲಿ ಅಜಾಂಕೂರ್‌ನಲ್ಲಿ ಇಂಗ್ಲಿಷರ ಉದ್ದಬಿಲ್ಲುಗಾರರು ಅದೇ ಪಾಠವನ್ನು ಬೇರೆ ರೀತಿಯಲ್ಲಿ ಹೇಳಿಕೊಟ್ಟರು. ಅಜಾಂಕೂರ್‌ನಲ್ಲಿ ಮತ್ತೊಂದು ದಾಳಿಯ ಭಯದಿಂದ ಹೆನ್ರಿ ಸೆರೆಯಾಳುಗಳನ್ನು ಕೊಲ್ಲಲು ಆಜ್ಞೆಯಿತ್ತ. ಬಿಡುಗಡೆ ಹಣದ ಸೌಜನ್ಯ ಎಷ್ಟು ತೆಳುವಾಗಿತ್ತು ಎಂಬುದು ಆ ಮಧ್ಯಾಹ್ನ ಗೊತ್ತಾಯಿತು.

ಬಾಣಕ್ಕೆ ಉತ್ತರವಾಗಿ ಬಳೆಯಂಗಿಯ ಮೇಲೆ ಉಕ್ಕಿನ ತಗಡುಗಳು ಬಂದು, ಹದಿನೈದನೇ ಶತಮಾನಕ್ಕೆ ಇಡೀ ಮೈ ಮುಚ್ಚುವ ಕವಚ ಸಿದ್ಧವಾಯಿತು. ಮಿಲಾನಿನ ಕಮ್ಮಾರರು ಇದರಲ್ಲಿ ಹೆಸರುವಾಸಿ. ಕವಚ ತೊಟ್ಟವನನ್ನು ರಾಟೆ ಕಟ್ಟಿ ಕುದುರೆಗೇರಿಸುತ್ತಿದ್ದರೆಂಬುದು ಬರೀ ಕಟ್ಟುಕಥೆ. ಯುದ್ಧದ ಕವಚದ ತೂಕ ಸುಮಾರು 20ರಿಂದ 25 ಕಿಲೋ, ಅದೂ ಮೈತುಂಬ ಹಂಚಿಕೊಂಡು. ತೊಟ್ಟವನು ಓಡಬಲ್ಲ, ಬಿದ್ದರೆ ಏಳಬಲ್ಲ, ತಾನಾಗಿ ಕುದುರೆ ಹತ್ತಬಲ್ಲ. ಸೆಕೆಯೇ ಅವನ ನಿಜವಾದ ಶತ್ರು.

ತೋಪು ಬಂದ ಮೇಲೆ

ಹದಿನಾಲ್ಕನೇ ಶತಮಾನದಲ್ಲಿ ಯೂರೋಪಿಗೆ ಬಂದ ತೋಪು ಮೊದಲ ನೂರು ವರ್ಷ ಸದ್ದು ಮಾಡಿದ್ದೇ ಹೆಚ್ಚು. ಹದಿನೈದನೇ ಶತಮಾನದ ನಡುವಿನ ಹೊತ್ತಿಗೆ ಮದ್ದಿನ ಹದ, ಎರಕದ ಕೈಚಳಕ ಎರಡೂ ಕುದುರಿದವು. ಫ್ರಾನ್ಸಿನ ಏಳನೇ ಚಾರ್ಲ್ಸ್‌ನ ತೋಪುಗಳನ್ನು ನೋಡಿಕೊಳ್ಳುತ್ತಿದ್ದ ಜಾನ್ ಬ್ಯೂರೋ ಮತ್ತು ಅವನ ತಮ್ಮ 1449–50ರಲ್ಲಿ ನಾರ್ಮಂಡಿಯ ಇಂಗ್ಲಿಷ್ ಕೋಟೆಗಳನ್ನು ಒಂದರ ಹಿಂದೊಂದು ಬೀಳಿಸಿದರು. ಎಷ್ಟೋ ಕಡೆ ತೋಪುಗಳು ಎದುರಿಗೆ ಬಂದು ನಿಂತದ್ದೇ ಸಾಕಾಯಿತು. 1453ರ ಮೇ 29ರಂದು, ಸಾವಿರ ವರ್ಷದಷ್ಟು ಹಳೆಯ ಕಾನ್ಸ್ಟಾಂಟಿನೋಪಲಿನ ಗೋಡೆಗಳು ಒಟ್ಟೋಮನ್ನರ ಮುತ್ತಿಗೆಗೆ ಸೋತವು. ಅಲ್ಲಿನ ಅತಿದೊಡ್ಡ ತೋಪನ್ನು ಎರಕ ಹೊಯ್ದವನು ಓರ್ಬಾನ್ ಎಂಬ ಹಂಗೇರಿಯವನು. ಅವನು ಮೊದಲು ಕೆಲಸ ಕೇಳಿದ್ದು ಕಾನ್ಸ್ಟಾಂಟಿನೋಪಲಿನ ದೊರೆಯ ಬಳಿಯೇ, ಸಂಬಳ ಕೊಡಲು ಆ ದೊರೆಯಲ್ಲಿ ಹಣವಿರಲಿಲ್ಲ. ಅದೇ ವರ್ಷ ಜುಲೈ 17ರಂದು ಕಾಸ್ಟಿಯೋಂ ಬಳಿ ಬ್ಯೂರೋನ ತೋಪುಗಳತ್ತ ನುಗ್ಗಿದ ಇಂಗ್ಲಿಷ್ ಸೇನಾನಿ ಟಾಲ್ಬಟ್ ಸತ್ತು, ನೂರು ವರ್ಷಗಳ ಯುದ್ಧ ಮುಗಿಯಿತು.

ಎತ್ತರದ ಗೋಡೆ ತೋಪಿಗೆ ಒಳ್ಳೆಯ ಗುರಿ. ಇಟಲಿಯ ಶಿಲ್ಪಿಗಳು ಗೋಡೆಯನ್ನು ತಗ್ಗಿಸಿ, ಹಿಂದೆ ದಪ್ಪ ಮಣ್ಣು ತುಂಬಿ, ನಕ್ಷತ್ರದಂತೆ ಚೂಪು ಕೊತ್ತಲಗಳನ್ನು ಹೊರಚಾಚಿದರು. ಇಂಥ ಕೋಟೆಯಲ್ಲಿ ಒಬ್ಬ ಒಡೆಯನ ಸಂಸಾರ ವಾಸಿಸುವುದಿಲ್ಲ, ಅದನ್ನು ಕಟ್ಟಿಸುವ ತಾಕತ್ತೂ ಅವನಿಗಿಲ್ಲ. ರಕ್ಷಣೆ ರಾಜ್ಯದ ಕೆಲಸವಾಯಿತು. ಒಡೆಯರು ದೊಡ್ಡ ಕಿಟಕಿಗಳ ಅರಮನೆಗೆ ಹೊರಟರು. ಫ್ರಾನ್ಸಿನ ನಾಲ್ಕನೇ ಹೆನ್ರಿ 1599ರಲ್ಲಿ ಶಾತೊ ಗಯಾರ್ ಕೆಡವಲು ಅಪ್ಪಣೆಯಿತ್ತ.

ಕೋಟೆ ಕಟ್ಟುವ ಕೈಕೆಲಸ ಮಾತ್ರ ಈಚೆಗೆ ಮತ್ತೆ ಚಿಗುರಿದೆ. ಫ್ರಾನ್ಸಿನ ಬರ್ಗಂಡಿ ಸೀಮೆಯ ಗೆಡೆಲೋನ್ ಎಂಬಲ್ಲಿ 1997ರಿಂದ, ಹಳೆಯ ಕಲ್ಲುಗಣಿಯೊಂದರಲ್ಲಿ, ಹದಿಮೂರನೇ ಶತಮಾನದ ಮಾದರಿಯ ಕೋಟೆಯನ್ನು ಆ ಕಾಲದ ಉಪಕರಣಗಳಿಂದಲೇ ಕಟ್ಟುತ್ತಿದ್ದಾರೆ. ಅಲ್ಲೇ ಕಲ್ಲು ಸೀಳಿ, ಸುಣ್ಣದ ಗಾರೆ ಕಲಸಿ, ಮನುಷ್ಯರು ಒಳಗೆ ನಡೆದು ತಿರುಗಿಸುವ ಮರದ ಗಾಲಿಯಿಂದ ಕಲ್ಲನ್ನು ಮೇಲಕ್ಕೆತ್ತುತ್ತಾರೆ. 2019ರಲ್ಲಿ ಪ್ಯಾರಿಸ್ಸಿನ ನಾಟ್ರಡಾಮ್ ಚರ್ಚಿನ ಮರದ ಚಾವಣಿ ಸುಟ್ಟುಹೋದಾಗ, ಓಕ್ ಮರದ ದಿಮ್ಮಿಗಳನ್ನು ಹಳೆಯ ರೀತಿಯಲ್ಲಿ ಕೊಡಲಿಯಿಂದ ಕೆತ್ತಬಲ್ಲವರನ್ನು ಹುಡುಕಬೇಕಾಯಿತು. ಚಾವಣಿಯನ್ನು ಮರಳಿ ಎಬ್ಬಿಸಿದ ಬಡಗಿಗಳಲ್ಲಿ ಗೆಡೆಲೋನ್‌ನಲ್ಲಿ ಕೈ ಪಳಗಿಸಿಕೊಂಡವರೂ ಇದ್ದರು.